ತೋಳಿನಳತೆಯ ಗೆರೆಗಳು

ಕ್ವಿಲ್ಟ್ (ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆ) ಮಾದರಿಗಳ ಪುಸ್ತಿಕೆ ಕೊಂಡವರಿಗೆಲ್ಲ ಈ ತಮಾಷೆ ಗೊತ್ತು. ಬಟ್ಟೆ ಕತ್ತರಿಸುವುದಕ್ಕೆ ಎರಡು ಪುಟ, ತುಂಡುಗಳನ್ನು ಜೋಡಿಸುವುದಕ್ಕೆ ನಾಲ್ಕು ಪುಟ, ಕಾಲು ಅಂಗುಲಕ್ಕಿಂತ ಒಂದೆಳೆಯೂ ಹೆಚ್ಚು ಕಡಿಮೆಯಾಗಬಾರದೆಂಬ ಎಚ್ಚರಿಕೆ, ಹೊಲಿಗೆಯ ಅಂಚನ್ನು ಯಾವ ಕಡೆಗೆ ಮಡಚಿ ಇಸ್ತ್ರಿ ಮಾಡಬೇಕೆಂದು ತೋರಿಸುವ ಬಾಣಗಳು. ಇಷ್ಟೆಲ್ಲ ಕೈಹಿಡಿದು ನಡೆಸಿದವರು ಕೊನೆಯ ಪುಟದ ತಳದಲ್ಲಿ ಒಂದೇ ಸಾಲು ಬರೆದು ಎದ್ದು ಹೋಗುತ್ತಾರೆ: ಇನ್ನು ನಿಮಗೆ ಇಷ್ಟ ಬಂದಂತೆ ಕ್ವಿಲ್ಟ್ ಮಾಡಿ. ಅಸಲಿ ಕೆಲಸ ಶುರುವಾಗುವುದೇ ಅಲ್ಲಿ. ಮೇಲೆ ತುಂಡುಗಳನ್ನು ಜೋಡಿಸಿದ ಬಟ್ಟೆ, ನಡುವೆ ಬ್ಯಾಟಿಂಗ್ ಎಂಬ ಹತ್ತಿಯ ಹಾಸು, ಕೆಳಗೆ ಅಸ್ತರಿ. ಈ ಮೂರನ್ನೂ ಒಟ್ಟಿಗೆ ಹಿಡಿದಿಡುವ ಹೊಲಿಗೆಯ ಗೆರೆಗಳನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು? ಬಳ್ಳಿಯೋ, ಗರಿಯೋ, ಚೌಕವೋ, ಸುಮ್ಮನೆ ಅಡ್ಡಗೆರೆಯೋ?

ಇಷ್ಟ ಎನ್ನುವುದು ಇಲ್ಲಿ ಎಲ್ಲಕ್ಕಿಂತ ಕೊನೆಗೆ ಬರುವ ಮಾತು ಎಂದು ನನಗೆ ಈಗ ಅನ್ನಿಸುತ್ತದೆ. ತೋಳು ಎಷ್ಟು ದೂರ ಸುಸ್ತಾಗದೆ ಚಲಿಸುತ್ತದೆ, ಸೂಜಿಗೂ ಯಂತ್ರದ ಬಲಗಡೆಯ ಕಂಬಕ್ಕೂ ನಡುವೆ ಎಷ್ಟು ಜಾಗವಿದೆ, ಒಳಗಿನ ಹತ್ತಿ ಎಷ್ಟು ಅಂತರವನ್ನು ತಾಳಿಕೊಳ್ಳುತ್ತದೆ, ಹೊದ್ದುಕೊಳ್ಳುವವರು ಯಾರು, ವಾರಕ್ಕೊಮ್ಮೆ ಒಗೆಯುತ್ತಾರೋ ವರ್ಷಕ್ಕೊಮ್ಮೆಯೋ. ಇವುಗಳಿಗೆ ಉತ್ತರ ಸಿಗುವ ಹೊತ್ತಿಗೆ ನೂರಾರು ವಿನ್ಯಾಸಗಳಲ್ಲಿ ನಾಲ್ಕೈದು ಮಾತ್ರ ಉಳಿದಿರುತ್ತವೆ. ಆಗ ಇಷ್ಟದ ಮಾತು ಆಡಬಹುದು. ಮೊಬೈಲಿನಲ್ಲಿ ಚೆಂದದ ಚಿತ್ರ ನೋಡಿ ಅದನ್ನೇ ತಂದು ಕೂರಿಸಲು ಹೊರಟರೆ ಬೆನ್ನು ನೋಯುತ್ತದೆ, ಕ್ವಿಲ್ಟೂ ರಟ್ಟಿನಂತಾಗುತ್ತದೆ.

ನಮ್ಮ ಕಡೆಯ ಕೌದಿಯನ್ನು ನೋಡಿ. ಅದನ್ನು ಹೊಲಿಯುವವರು ವಿನ್ಯಾಸ ಯಾವುದೆಂದು ಯಾರನ್ನೂ ಕೇಳುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹಳೆಯ ಸೀರೆಯೊಂದನ್ನು ನೆಲದ ಮೇಲೆ ಹರಡಿ, ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ತುಂಡುಗಳನ್ನು ಇಡುತ್ತ ಹೊಲಿಯುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು, ಹೀಗೆ ನಡುಭಾಗ ತಲುಪುವವರೆಗೆ. ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನು ಸೇರಿಸುತ್ತಾರೆ, ಅವಕ್ಕೆ ಫುಲಾ ಎಂದು ಹೆಸರು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. ಅಲ್ಲಿ ತುಂಡು ಜೋಡಿಸುವುದೂ ಪದರಗಳನ್ನು ಹಿಡಿದಿಡುವುದೂ ಎರಡು ಕೆಲಸಗಳಲ್ಲ. ಒಂದೇ ಹೊಲಿಗೆ ಎರಡನ್ನೂ ಮಾಡುತ್ತದೆ. ಹೊರಗಿನಿಂದ ಒಳಕ್ಕೆ ಸಾಗುವ ಆ ಚೌಕಗಳ ಸಾಲು ಹುಟ್ಟಿದ್ದು ನೆಲದ ಮೇಲೆ ಕೂತು, ಕೈಗೆಟುಕುವಷ್ಟನ್ನು ಹೊಲಿದು, ಮುಂದಕ್ಕೆ ಸರಿದು ಮತ್ತೆ ಕೂರುವ ಆ ಭಂಗಿಯಿಂದ.

ಅಮೆರಿಕದ ಕೈಹೊಲಿಗೆಯಲ್ಲೂ ಇದಕ್ಕೊಂದು ಜೋಡಿಯಿದೆ. ಬ್ಯಾಪ್ಟಿಸ್ಟ್ ಫ್ಯಾನ್ ಎಂದು ಕರೆಯುವ ಹಳೆಯ ವಿನ್ಯಾಸದಲ್ಲಿ ಒಂದರೊಳಗೊಂದು ಕಮಾನುಗಳು, ಕ್ವಿಲ್ಟಿನ ಉದ್ದಗಲಕ್ಕೂ. ಚೌಕಟ್ಟಿಗೆ ಬಿಗಿದ ಕ್ವಿಲ್ಟಿನ ಸುತ್ತ ಹೆಂಗಸರು ಕೂತು ಹೊಲಿಯುತ್ತಿದ್ದ ಕಾಲದ್ದು ಅದು. ಮೊಣಕೈಯನ್ನು ಊರಿ ಮುಂಗೈಯನ್ನು ತಿರುಗಿಸಿದರೆ ಸಿಗುವ ಗೆರೆಯೇ ಆ ಕಮಾನು. ಕೇಂದ್ರದಲ್ಲಿ ಮೊಣಕೈ, ಅಂಚಿನಲ್ಲಿ ಸೀಮೆಸುಣ್ಣ. ಕೆಳಗಿನ ಮಾದರಿ ನಕ್ಷತ್ರವೋ ಚೌಕವೋ ಎಂಬುದನ್ನು ಆ ಕಮಾನು ಲೆಕ್ಕಿಸುವುದೇ ಇಲ್ಲ, ಎಲ್ಲದರ ಮೇಲೂ ಹಾದು ಹೋಗುತ್ತದೆ. ಅಳತೆಪಟ್ಟಿಯಾಗಲಿ ನಕಾಶೆಯಾಗಲಿ ಬೇಕಿರಲಿಲ್ಲ. ಇವತ್ತು ಅದೇ ಕಮಾನನ್ನು ಹೊಲಿಯಲು ಅಕ್ರಿಲಿಕ್ ಅಚ್ಚುಗಳು ಮಾರಾಟಕ್ಕಿವೆ. ನನ್ನ ಬಳಿಯೂ ಒಂದಿದೆ.

ಯಂತ್ರದ ಹೊಲಿಗೆಗೆ ಮರ್ಯಾದೆ ಬರುವುದು ತಡವಾಯಿತು. 1989ರಲ್ಲಿ ಕೆಂಟಕಿಯ ಪಡೂಕಾ ಊರಿನಲ್ಲಿ ನಡೆದ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟ್ ಇಡೀ ಪ್ರದರ್ಶನದ ಅತ್ಯುತ್ತಮ ಕೃತಿಯೆಂಬ ಬಹುಮಾನ ಪಡೆಯಿತು. ಯಂತ್ರದಲ್ಲಿ ಕ್ವಿಲ್ಟಿಂಗ್ ಮಾಡಿದ ಕೃತಿಯೊಂದು ಅಲ್ಲಿ ಆ ಸ್ಥಾನಕ್ಕೆ ಏರಿದ್ದು ಅದೇ ಮೊದಲು. ಕೈಯಲ್ಲಿ ಹೊಲಿಯುತ್ತಿದ್ದ ಎಷ್ಟೋ ಮಂದಿಗೆ ಅದು ಸರಿಬರಲಿಲ್ಲ. ಈಗ ಆ ಜಗಳ ಹೆಚ್ಚುಕಡಿಮೆ ಮುಗಿದಿದೆ. ಆದರೆ ಪ್ರದರ್ಶನಗಳು ಇನ್ನೊಂದು ಚಟವನ್ನು ಅಂಟಿಸಿ ಹೋದವು: ಒಂದಂಗುಲವನ್ನೂ ಖಾಲಿ ಬಿಡಬಾರದೆಂಬ ಹಟ. ಕಡ್ಡಿಯಷ್ಟೇ ಅಂತರದಲ್ಲಿ ಸಾಲುಗೆರೆ, ಸಾಸಿವೆಯ ಗಾತ್ರದ ಸುತ್ತುಗಳು. ಗೋಡೆಗೆ ತೂಗುಹಾಕುವುದಕ್ಕೆ ಅದು ಚೆನ್ನ. ಮಗುವಿಗೆ ಹೊದೆಸಲು ಹೋದರೆ ಮೈಗೆ ಹತ್ತದೆ ಡೇರೆಯಂತೆ ನಿಲ್ಲುತ್ತದೆ.

ಇನ್ನು ಫ್ರೀ ಮೋಷನ್. ಸಾಮಾನ್ಯ ಹೊಲಿಗೆಯಲ್ಲಿ ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದೇ ಸಮನೆ ಹಿಂದಕ್ಕೆ ಎಳೆಯುತ್ತವೆ. ಅವುಗಳನ್ನು ಇಳಿಸಿ, ಸೂಜಿಯ ಬುಡದಲ್ಲಿ ಬಟ್ಟೆಯನ್ನು ಒತ್ತುವ ಮಾಮೂಲಿ ಫುಟ್ಟಿನ (ಪಾದದ) ಬದಲು ಒತ್ತಿ ಹಿಡಿಯದೆ ಕುಪ್ಪಳಿಸುವ ಫುಟ್ ಒಂದನ್ನು ಹಾಕಿದರೆ ಬಟ್ಟೆ ಸ್ವತಂತ್ರ. ಯಾವ ದಿಕ್ಕಿಗೆ ಬೇಕಾದರೂ ಜಾರುತ್ತದೆ. (ಹಲ್ಲುಗಳನ್ನು ಇಳಿಸಲೇಬೇಕೆಂದಿಲ್ಲ. ಹೊಲಿಗೆಯ ಉದ್ದವನ್ನು ಸೊನ್ನೆಗೆ ತಿರುಗಿಸಿಟ್ಟು ಹಾಗೇ ಹೊಲಿಯುವವರೂ ಇದ್ದಾರೆ. ಕೆಲವು ಯಂತ್ರಗಳಲ್ಲಿ ದಾರದ ಬಿಗಿ ಹಾಗೆಯೇ ಚೆನ್ನಾಗಿ ಬರುತ್ತದೆ.) ನಮ್ಮೂರುಗಳ ಪೇಟೆಬೀದಿಯಲ್ಲಿ ಫುಟ್ ತೆಗೆದು, ಬಳೆಯಂಥ ಚೌಕಟ್ಟಿಗೆ ಬಿಗಿದ ರವಿಕೆಯ ತೋಳಿನ ಮೇಲೆ ಹೂಬಳ್ಳಿ ಬಿಡಿಸುವ ಕಸೂತಿ ಟೈಲರುಗಳು ಮಾಡುವುದೂ ಇದನ್ನೇ. ಅವರ ವೇಗವನ್ನೂ ಹಿಡಿತವನ್ನೂ ನೋಡಿದ ಮೇಲೆ ಇಲ್ಲಿ ಅಮೆರಿಕದ ತರಗತಿಗಳಲ್ಲಿ ಇದನ್ನು ಹೊಸ ವಿದ್ಯೆಯಂತೆ ಹೇಳಿಕೊಡುವಾಗ ಸ್ವಲ್ಪ ನಗು ಬರುತ್ತದೆ.

ರಂಗೋಲಿ ಬರುವವರಿಗೆ ಇದು ಸುಲಭ ಎಂದು ನನಗೆ ಹಲವರು ಹೇಳಿದ್ದಾರೆ. ಅರ್ಧ ನಿಜ. ಎಳೆಯನ್ನು ತುಂಡರಿಸದೆ ಚುಕ್ಕಿಗಳ ನಡುವೆ ನುಸುಳುವ ಬುದ್ಧಿ ಖಂಡಿತ ಕೆಲಸಕ್ಕೆ ಬರುತ್ತದೆ. ಆದರೆ ರಂಗೋಲಿಯಲ್ಲಿ ನೆಲ ನಿಂತಿರುತ್ತದೆ, ಕೈ ಓಡುತ್ತದೆ. ಇಲ್ಲಿ ಸೂಜಿ ನಿಂತಲ್ಲೇ ನಿಂತಿರುತ್ತದೆ, ಓಡಬೇಕಾದದ್ದು ನೆಲ. ಗೆರೆ ಬಲಕ್ಕೆ ಹೋಗಬೇಕೆಂದರೆ ಬಟ್ಟೆಯನ್ನು ಎಡಕ್ಕೆ ದೂಡಬೇಕು. ಆ ಬಟ್ಟೆಯ ಬಹುಭಾಗ ಮುದುಡಿಕೊಂಡು ಮೇಜಿನ ಮೇಲೋ ಹೆಗಲ ಮೇಲೋ ಕೂತಿರುತ್ತದೆ. ಒಂದು ಮೂಲೆ ಮೇಜಿನಿಂದ ಕೆಳಗೆ ಜೋತರೆ ಸಾಕು, ಆ ಭಾರ ಹಿಂದಕ್ಕೆಳೆದು ಹೊಲಿಗೆಗಳು ಒತ್ತೊತ್ತಾಗುತ್ತವೆ. ನೋಡುವವರು ಕೈ ಸರಿಯಿಲ್ಲ ಎನ್ನುತ್ತಾರೆ. ಸರಿಯಿಲ್ಲದ್ದು ಮೇಜು.

ಹೊಲಿಗೆಯ ಉದ್ದವನ್ನು ಈಗ ಯಂತ್ರ ನಿರ್ಧರಿಸುವುದಿಲ್ಲ, ಕಾಲಿನ ವೇಗ ಮತ್ತು ಕೈಯ ವೇಗ ಸೇರಿ ನಿರ್ಧರಿಸುತ್ತವೆ. ಅಂಗುಲಕ್ಕೆ ಎಂಟರಿಂದ ಹತ್ತು ಹೊಲಿಗೆ ಬಿದ್ದರೆ ಚೆನ್ನ. ತಿರುವು ಬಂದಾಗ ಕೈ ತನಗೆ ಗೊತ್ತಿಲ್ಲದೆ ಓಡುತ್ತದೆ, ಕಾಲು ಅದೇ ವೇಗದಲ್ಲಿರುತ್ತದೆ. ಆಗ ಕ್ವಿಲ್ಟಿನ ಹಿಂಬದಿಯಲ್ಲಿ ಬಾಬಿನ್ ದಾರ (ಯಂತ್ರದ ಕೆಳಗಿನ ಉರುಳೆಯ ದಾರ) ನೆಟ್ಟಗೆ ಮಲಗಿ, ಮೇಲಿನ ದಾರದ ಕುಣಿಕೆಗಳು ಅದರ ಪಕ್ಕಕ್ಕೆ ಇಣುಕುತ್ತವೆ. ಇಲ್ಲಿಯವರು ಅದಕ್ಕೆ ರೆಪ್ಪೆಗೂದಲು ಎನ್ನುತ್ತಾರೆ. ದಾರದ ಬಿಗಿಯ ತಿರುಪನ್ನು ತಿರುಗಿಸುವ ಮೊದಲು ಆ ರೆಪ್ಪೆಗಳು ಎಲ್ಲಿ ಬಂದಿವೆ ಎಂದು ನೋಡುವುದು ಒಳ್ಳೆಯದು. ತಿರುವುಗಳಲ್ಲಿ ಮಾತ್ರ ಬಂದಿದ್ದರೆ ತಪ್ಪು ಕೈಯದು, ನೇರಗೆರೆಯಲ್ಲೂ ಬಂದಿದ್ದರೆ ತಿರುಪಿನದು. ನಿಲ್ಲಿಸುವುದಕ್ಕೂ ಜಾಗ ಆರಿಸಬೇಕು. ಎರಡು ಗೆರೆಗಳು ಚೂಪಾಗಿ ಕೂಡುವಲ್ಲಿ, ಎಲೆಯ ತುದಿಯಲ್ಲಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಬೇಕು. ದುಂಡನೆಯ ತಿರುವಿನ ನಡುವೆ ನಿಂತರೆ ಅಲ್ಲೊಂದು ಸೊಟ್ಟ ಖಾಯಂ.

ವಿನ್ಯಾಸದ ಆಯ್ಕೆ ನೇರವಾಗಿ ಇಲ್ಲಿಂದಲೇ ಹುಟ್ಟುತ್ತದೆ. ಎರಡೂ ಅಂಗೈಗಳನ್ನು ಸೂಜಿಯ ಅಕ್ಕಪಕ್ಕ ಊರಿದಾಗ ನಡುವೆ ಸಿಗುವ ಜಾಗ ಸುಮಾರು ಎಂಟು ಅಂಗುಲ. ಅದರೊಳಗೆ ಹುಟ್ಟಿ ಅದರೊಳಗೆ ಮುಗಿಯುವ ಆಕಾರಗಳು ನಯವಾಗಿ ಬರುತ್ತವೆ. ಸುಳಿ, ಎಲೆ, ಕುಣಿಕೆಗಳಿರುವ ಬಳ್ಳಿ, ಗರಿಯ ಒಂದೊಂದು ಎಸಳು, ಎಲ್ಲವೂ ಹಾಗೆಯೇ. ಎರಡಡಿ ಉದ್ದದ ಒಂದು ದೊಡ್ಡ ಬಾಗು ಕಾಗದದ ಮೇಲೆ ಎಷ್ಟು ಸೊಗಸಾಗಿದ್ದರೂ ಮನೆಯ ಯಂತ್ರದಲ್ಲಿ ನಾಲ್ಕು ಕಡೆ ಕೈ ಎತ್ತಿ ಮತ್ತೆ ಊರಬೇಕಾಗುತ್ತದೆ. ಆ ನಾಲ್ಕು ಕಡೆಯೂ ಗೆರೆ ಅದನ್ನು ಹೇಳಿಬಿಡುತ್ತದೆ. ಅದಕ್ಕೇ ಗರಿಗಳ ಬಳ್ಳಿ ಹೊಲಿಯುವವರು ನಡುಬೆನ್ನಿನ ಉದ್ದದ ಗೆರೆಯನ್ನು ಮೊದಲು ಗುರುತು ಮಾಡಿಕೊಂಡು ನಿಧಾನವಾಗಿ ಹೊಲಿದುಬಿಡುತ್ತಾರೆ. ಎಸಳುಗಳಿಗೆ ಗುರುತು ಹಾಕುವುದಿಲ್ಲ. ಅವು ತಳದಿಂದ ಮೇಲಕ್ಕೆ ಒಂದೊಂದಾಗಿ, ಹೊರಗೆ ಹೋಗಿ ದುಂಡಗೆ ತಿರುಗಿ ಮತ್ತೆ ಬೆನ್ನಿಗೇ ಬಂದು ಕೂಡುತ್ತವೆ. ಬೆನ್ನು ನಯವಾಗಿದ್ದರೆ ಎಸಳುಗಳ ಗಾತ್ರದ ಹೆಚ್ಚುಕಡಿಮೆಯನ್ನು ಕಣ್ಣು ಕ್ಷಮಿಸುತ್ತದೆ.

ಬಟ್ಟೆಯನ್ನೂ ನೋಡಬೇಕು. ಹೂವಿನ ಅಚ್ಚಿರುವ ಬಟ್ಟೆಯ ಮೇಲೆ ನೀವು ಏನು ಹೊಲಿದರೂ ಅದು ನುಂಗಿಬಿಡುತ್ತದೆ. ಅಂಥಲ್ಲಿ ಗರಿ ಬಿಡಿಸುವುದು ವ್ಯರ್ಥ. ಅಲೆದಾಡುವ ಸಾದಾ ಗೆರೆ ಸಾಕು. ಶ್ರಮವನ್ನೆಲ್ಲ ಸಾದಾ ಬಟ್ಟೆಯ ಜಾಗಗಳಿಗೆ ಮೀಸಲಿಡಬೇಕು, ಅಲ್ಲಿ ಬೆಳಕು ಬಿದ್ದಾಗ ಉಬ್ಬುತಗ್ಗು ಕಾಣುತ್ತದೆ. ಅಸ್ತರಿಗೆ ಮಾತ್ರ ಇದರ ಉಲ್ಟಾ: ಕಲಿಯುವವರು ಗಜಿಬಿಜಿ ಅಚ್ಚಿನ ಬಟ್ಟೆಯನ್ನೇ ಹಾಕಿಕೊಳ್ಳಲಿ, ಎಲ್ಲವನ್ನೂ ಮುಚ್ಚುತ್ತದೆ.

ಇದೆಲ್ಲಕ್ಕಿಂತ ಮೇಲಿನ ಮಾತು ಬ್ಯಾಟಿಂಗಿನ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ, ಅದನ್ನು ಬಹಳ ಜನ ಓದದೆ ಎಸೆಯುತ್ತಾರೆ. ಎರಡು ಗೆರೆಗಳ ನಡುವೆ ಗರಿಷ್ಠ ಎಷ್ಟು ಅಂತರವಿರಬಹುದು ಎಂಬ ಅಂಕಿ ಅದು. ಎಂಬತ್ತು ಪಾಲು ಹತ್ತಿ, ಇಪ್ಪತ್ತು ಪಾಲು ಪಾಲಿಯೆಸ್ಟರ್ ಬೆರೆಸಿದ ಒಂದು ಜನಪ್ರಿಯ ಬಗೆಗೆ ಆ ಅಂಕಿ 4 ಅಂಗುಲ. ತೆಳುವಾದ ಜಾಲರಿಯ ಮೇಲೆ ಸೂಜಿಗಳಿಂದ ಚುಚ್ಚಿ ಕೂಡಿಸಿದ ಹತ್ತಿಯ ಬಗೆಗೆ 10 ಅಂಗುಲದವರೆಗೂ ಹೋಗಬಹುದು. ಹತ್ತಂಗುಲ ಎಂದರೆ ಎಷ್ಟು ಬಯಲು! ಮೂರು ಅಂಗುಲಕ್ಕೊಂದು ಗೆರೆ ಹಾಕಿದರೂ ಅದು ಉದಾರವಾದ ಹೊಲಿಗೆಯೇ. ಒತ್ತೊತ್ತಾಗಿ ಹೊಲಿಯುವುದು ಕಟ್ಟುಪಾಡಲ್ಲ, ಖಯಾಲಿ ಎಂಬುದು ಆ ಅಂಕಿಯನ್ನು ಓದಿದವರಿಗೆ ತಿಳಿಯುತ್ತದೆ.

ಆದರೆ ಒತ್ತು ಎಷ್ಟೇ ಇರಲಿ, ಎಲ್ಲ ಕಡೆಯೂ ಒಂದೇ ಆಗಿರಬೇಕು. ಹೊಲಿದಷ್ಟೂ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ನಡುಭಾಗವನ್ನು ಸಾಸಿವೆಸುತ್ತಿನಿಂದ ತುಂಬಿ, ಸಾಕಾಗಿ, ಅಂಚಿಗೆ ಎರಡು ಗೆರೆ ಎಳೆದು ಮುಗಿಸಿದರೆ ನಡು ಕುಗ್ಗುತ್ತದೆ, ಅಂಚು ಲಂಗದ ನೆರಿಗೆಯಂತೆ ಅಲೆಯಲೆಯಾಗುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಮಲಗುವುದಿಲ್ಲ. ಆದ್ದರಿಂದ ವಿನ್ಯಾಸ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದನ್ನು ಕೊನೆಯ ಮೂಲೆಯವರೆಗೂ ಇದೇ ಒತ್ತಿನಲ್ಲಿ ಹೊಲಿಯುವಷ್ಟು ತಾಳ್ಮೆ ನನಗಿದೆಯೇ ಎಂಬುದು. ಬೆಣಚುಕಲ್ಲುಗಳಂಥ ಸುತ್ತುಗಳನ್ನು ನೋಡಿ ಮರುಳಾಗುವವರು ಇದನ್ನು ನೆನಪಿಡಬೇಕು: ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟಲು ಮೊದಲನೆಯದರ ಮೇಲೇ ಮತ್ತೆ ಹಾಯಬೇಕು. ಅಂಗೈಯಗಲ ತುಂಬುವಷ್ಟರಲ್ಲಿ ಬಾಬಿನ್ ಖಾಲಿ.

ದಾಟುವ ಮಾತು ಬಂದಾಗ ನನಗೆ ಧಾರವಾಡ ಸೀಮೆಯ ಕಸೂತಿಯೇ ಗುರು. ಗವಂತಿ ಹೊಲಿಗೆಯಲ್ಲಿ ದಾರ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಹಾಯುತ್ತ ಮುಂದೆ ಹೋಗುತ್ತದೆ. ಹಿಂತಿರುಗಿ ಬರುವಾಗ ಬಿಟ್ಟ ಹೆಜ್ಜೆಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ರೀತಿ ಕಾಣಬೇಕು. ಹಾಗಾಗಿ ಗೋಪುರವನ್ನೋ ತೇರನ್ನೋ ಶುರುಮಾಡುವ ಮೊದಲೇ ಹೊಲಿಯುವವಳ ತಲೆಯಲ್ಲಿ ಹೋಗುವ ದಾರಿಯೂ ಬರುವ ದಾರಿಯೂ ಇರಬೇಕು, ಕವಲುಗಳಿಗೆ ಹೋಗಿ ಮುಖ್ಯಗೆರೆಗೆ ಮರಳುವ ಲೆಕ್ಕವೂ ಇರಬೇಕು. ಫ್ರೀ ಮೋಷನ್ನಿನ ಕಷ್ಟದ ಭಾಗ ಇದೇ. ಮಧ್ಯದಲ್ಲಿ ದಾರ ಕತ್ತರಿಸಿದರೆ ಎರಡು ತುದಿಗಳನ್ನು ಮೇಲೆಳೆದು, ಗಂಟು ಹಾಕಿ, ಸೂಜಿಯಲ್ಲಿ ಪೋಣಿಸಿ ಪದರದೊಳಗೆ ಹುಗಿಯಬೇಕು. ಮೂವತ್ತು ಚೌಕಗಳಲ್ಲಿ ಒಂದೊಂದರಲ್ಲೂ ಒಂದು ಹೂವು ಎಂದರೆ ಮೂವತ್ತು ಆರಂಭ, ಮೂವತ್ತು ಅಂತ್ಯ. ಅದೇ ಚೌಕಗಳ ಮೂಲೆಯಿಂದ ಮೂಲೆಗೆ ಕಮಾನು ಎಳೆಯುತ್ತ ಹೋದರೆ ಇಡೀ ಸಾಲಿಗೆ ಮೇಲಿನ ಕಮಾನುಗಳು ಹೋಗುವಾಗ, ಕೆಳಗಿನವು ಬರುವಾಗ. ಎಲ್ಲ ಮುಗಿದಾಗ ಪ್ರತಿ ಚೌಕದಲ್ಲೂ ನಾಲ್ಕೆಸಳಿನ ಹೂವು ನಿಂತಿರುತ್ತದೆ, ದಾರ ಮಾತ್ರ ಎಲ್ಲೂ ಕತ್ತರಿಸಿಲ್ಲ. ಆದ್ದರಿಂದ ಹೊಸ ವಿನ್ಯಾಸವನ್ನು ನಾನು ಮೊದಲು ಕಾಗದದ ಮೇಲೆ ಪೆನ್ಸಿಲ್ ಎತ್ತದೆ ಬಿಡಿಸುತ್ತೇನೆ. ಪೆನ್ಸಿಲ್ ಸಿಕ್ಕಿಹಾಕಿಕೊಂಡಲ್ಲಿ ಸೂಜಿಯೂ ಸಿಕ್ಕಿಹಾಕಿಕೊಳ್ಳುತ್ತದೆ.

ಪೆನ್ನುಗಳ ಬಗ್ಗೆ ಒಂದು ಮಾತು. ನೀರಿಗೆ ಹೋಗುವ ನೀಲಿ ಪೆನ್ನಿನ ಗುರುತಿನ ಮೇಲೆ ಒಗೆಯುವ ಮೊದಲು ಇಸ್ತ್ರಿ ಹಾಕಿದರೆ ಅದು ಕೂತುಬಿಡುತ್ತದೆ. ಬಿಸಿಗೆ ಮಾಯವಾಗುವ ಪೆನ್ನಿನದು ಬೇರೆ ಕಥೆ, ಕಡುಚಳಿಗೆ ಮತ್ತೆ ಮೂಡುತ್ತದೆ. ನಾವಿರುವ ಮಿನೆಸೋಟದಲ್ಲಿ ಜನವರಿಯಲ್ಲಿ ಅಂಥ ಕ್ವಿಲ್ಟನ್ನು ಅಂಚೆಗೆ ಹಾಕಿದರೆ ತೆಗೆದುಕೊಂಡವರಿಗೆ ನಿಮ್ಮ ಗುರುತುಗಳೆಲ್ಲ ಉಚಿತ.

ರೂಲರಿನ ಕೆಲಸಕ್ಕೆ ಬರೋಣ. ಕೈಗೆ ಸಿಗದ ನಿಖರತೆ ಬೇಕೆಂದಾಗ ಅಕ್ರಿಲಿಕ್ ಅಚ್ಚನ್ನು ಬಟ್ಟೆಯ ಮೇಲಿಟ್ಟು ಅದರ ಅಂಚಿಗೆ ಒರಗಿಕೊಂಡು ಹೊಲಿಯುವುದು ಇದು. ಇದಕ್ಕೆ ಬೇರೆ ಫುಟ್ ಬೇಕು: ಸುತ್ತಲೂ ಎತ್ತರದ ಗೋಡೆಯಿರುವ ದುಂಡನೆಯ ಫುಟ್. ಅದರ ಹೊರಗಿನ ಅಗಲ ಅರ್ಧ ಅಂಗುಲ, ಆದ್ದರಿಂದ ಸೂಜಿಗೂ ರೂಲರಿನ ಅಂಚಿಗೂ ಯಾವಾಗಲೂ ಕಾಲು ಅಂಗುಲ ಅಂತರ. ಈ ಕಾಲಂಗುಲವೇ ಎಲ್ಲ ಲೆಕ್ಕದ ಮೂಲ. ಜೋಡಣೆಯ ಸಂದಿಯಲ್ಲೇ ಹೊಲಿಗೆ ಬೀಳಬೇಕೆಂದರೆ ರೂಲರನ್ನು ಸಂದಿಯ ಮೇಲಲ್ಲ, ಕಾಲಂಗುಲ ಆಚೆಗಿಡಬೇಕು. ರೂಲರಿನ ದಪ್ಪ ಸಾಮಾನ್ಯವಾಗಿ ಕಾಲು ಅಂಗುಲ, ಎಂದರೆ 6 ಮಿಲಿಮೀಟರ್. ಫುಟ್ ಸಿಕ್ಕಿಸುವ ಕಡ್ಡಿ ತಗ್ಗಾಗಿರುವ ಕೆಲವು ಯಂತ್ರಗಳಿಗೆ 3 ಮಿಲಿಮೀಟರಿನದೂ ಸಿಗುತ್ತದೆ. ಬಟ್ಟೆ ಕತ್ತರಿಸುವ ತೆಳು ರೂಲರನ್ನು ಕುಪ್ಪಳಿಸುವ ಮಾಮೂಲಿ ಫುಟ್ಟಿನ ಪಕ್ಕ ಇಟ್ಟು ಪ್ರಯೋಗ ಮಾಡಬೇಡಿ. ಫುಟ್ ಮೇಲೆದ್ದ ಕ್ಷಣ ರೂಲರ್ ಅದರ ಅಡಿಗೆ ಜಾರುತ್ತದೆ, ಸೂಜಿ ಅಕ್ರಿಲಿಕ್ಕಿಗೆ ಬಡಿದು ಮುರಿಯುತ್ತದೆ. ಮುರಿದ ಸೂಜಿ ಎತ್ತ ಹಾರುತ್ತದೆಂದು ಹೇಳುವಂತಿಲ್ಲ.

ಹಿಡಿಯುವ ಬಗೆ ಹೀಗೆ. ಮೊದಲು ಫುಟ್ ಇಳಿಸಿ, ಸೂಜಿಯನ್ನು ಬಟ್ಟೆಯೊಳಗೆ ನೆಟ್ಟು, ಆಮೇಲೆ ರೂಲರನ್ನು ಸರಿಸಿ ತಂದು ಫುಟ್ಟಿಗೆ ತಾಗಿಸಬೇಕು. ಎಡಗೈಯ ಬೆರಳುಗಳನ್ನು ಅಗಲಿಸಿ ರೂಲರಿನ ಮೇಲೆ, ಕಿರುಬೆರಳನ್ನು ಬಟ್ಟೆಯ ಮೇಲೆ. ಹೆಬ್ಬೆರಳು ಫುಟ್ಟಿನ ದಿಕ್ಕಿಗೆ ಸ್ವಲ್ಪವೇ ಒತ್ತುತ್ತದೆ. ಬಲಗೈ ಕ್ವಿಲ್ಟಿನ ಮುದುಡಿದ ರಾಶಿಯನ್ನು ಹಿಡಿದಿರುತ್ತದೆ. ಈಗ ಚಲಿಸಬೇಕಾದದ್ದು ರೂಲರ್ ಒಂದೇ ಅಲ್ಲ, ರೂಲರ್ ಮತ್ತು ಅದರ ಕೆಳಗಿನ ಮೂರೂ ಪದರಗಳು ಅಂಟಿಕೊಂಡಂತೆ ಒಟ್ಟಿಗೆ. ಅದಕ್ಕಾಗಿ ರೂಲರಿನ ಅಡಿಗೆ ಜಾರದ ಪಟ್ಟಿ ಅಂಟಿಸುತ್ತಾರೆ. ಫುಟ್ ಒತ್ತುವ ಬಿಂದುವಿನ ಎದುರಿಗೇ ಬೆರಳಿರಬೇಕು. ಬೆರಳು ಒಂದು ತುದಿಯಲ್ಲೂ ಫುಟ್ ಇನ್ನೊಂದು ತುದಿಯಲ್ಲೂ ಇದ್ದರೆ ರೂಲರ್ ತಿರುಗಿಬಿಡುತ್ತದೆ. ಹಾಗಾಗಿ ಹತ್ತಂಗುಲದ ಗೆರೆಯಲ್ಲಿ ಒಮ್ಮೆಯಾದರೂ ನಿಂತು, ಸೂಜಿ ಇಳಿಸಿ, ಕೈ ಸರಿಸಲೇಬೇಕು. ಉದ್ದನೆಯ ರೂಲರ್ ಕೊಂಡರೆ ಬೇಗ ಮುಗಿಯುತ್ತದೆ ಎಂಬುದು ಅಂಗಡಿಯವರ ಆಸೆ. ಕೈ ಇರುವುದು ಅಷ್ಟೇ ಉದ್ದ. ದೊಡ್ಡ ಲಾಂಗ್‌ಆರ್ಮ್ ಯಂತ್ರಗಳಲ್ಲಿ ಬಟ್ಟೆ ಚೌಕಟ್ಟಿನಲ್ಲಿ ನಿಂತಿರುತ್ತದೆ, ಯಂತ್ರವೇ ಓಡಾಡುತ್ತದೆ. ಅಲ್ಲಿ ಉದ್ದದ ರೂಲರಿಗೆ ಅರ್ಥವಿದೆ.

ನೇರಗೆರೆಗೆಲ್ಲ ರೂಲರ್ ಬೇಕೆಂದೂ ನಾನು ಒಪ್ಪುವುದಿಲ್ಲ. ಈ ತುದಿಯಿಂದ ಆ ತುದಿಗೆ ಹೋಗುವ ಉದ್ದ ಗೆರೆಗಳಿಗೆ ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ನಡೆಸುವ ವಾಕಿಂಗ್ ಫುಟ್ ಮೇಲು. ಹೊಲಿಗೆಯ ಉದ್ದವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ರೂಲರಿನ ಬೆಲೆ ತಿಳಿಯುವುದು ಕ್ವಿಲ್ಟಿನ ಒಡಲಲ್ಲಿ, ನಾಲ್ಕಂಗುಲದ ತ್ರಿಕೋನವೊಂದರಲ್ಲಿ, ಹೋಗಿ ಬಂದು ಹೋಗಿ ಬಂದು ಗೆರೆ ಎಳೆಯಬೇಕಾದಾಗ. ವಾಕಿಂಗ್ ಫುಟ್ಟಿನಲ್ಲಿ ಪ್ರತಿ ತಿರುವಿಗೂ ಇಡೀ ಕ್ವಿಲ್ಟನ್ನು ಗಿರಕಿ ಹೊಡೆಸಬೇಕು. ರೂಲರಿನಲ್ಲಿ ಕ್ವಿಲ್ಟ್ ತಿರುಗುವುದೇ ಇಲ್ಲ. ಒಂದೇ ಒಂದು ರೂಲರ್ ಕೊಳ್ಳುವವರಿಗೆ ನನ್ನ ಸಲಹೆ, ಒಂದು ಅಂಚು ನೇರ, ಎದುರಿನ ಅಂಚು ಸಾಧಾರಣ ಬಾಗಿನದು ಇರುವಂಥದ್ದು. ನಕ್ಷತ್ರ, ಶಂಖ, ಹೃದಯದ ಆಕಾರದ ಅಚ್ಚುಗಳು ಪೆಟ್ಟಿಗೆಯಲ್ಲಿ ಮಲಗುತ್ತವೆ.

ಇನ್ನೊಂದು ಭೇದ ಇದೆ. ಕೈಯಲ್ಲಿ ಹೊಲಿದ ಬಳ್ಳಿ ಒಂದು ನೂಲು ಅತ್ತಿತ್ತ ಹೋದರೆ ಯಾರಿಗೂ ತಿಳಿಯುವುದಿಲ್ಲ, ಬಳ್ಳಿ ಇರುವುದೇ ಹಾಗೆ. ರೂಲರಿನ ಕಮಾನು ಮೂಲೆಗೆ ಒಂದು ನೂಲು ಮೊದಲೇ ಮುಗಿದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಬಿಚ್ಚಲು ಸಾಧ್ಯವಿಲ್ಲದ ಬಟ್ಟೆಯ ಮೇಲೆ ರೂಲರನ್ನು ತಂದಿಡುವ ಮೊದಲು ಇದನ್ನು ಯೋಚಿಸಬೇಕು.

ಅಂಥ ಬಟ್ಟೆ ಈ ಬೇಸಿಗೆಯಲ್ಲಿ ನನ್ನ ಮೇಜಿಗೇ ಬಂತು. ಗೆಳತಿಯೊಬ್ಬಳು ಅವಳ ಅತ್ತೆಯ ಹಳೆಯ ಇಳಕಲ್ ಸೀರೆಗಳನ್ನು ತಂದಳು. ದಾಳಿಂಬೆಗೆಂಪಿನದೊಂದು, ಗಿಳಿಹಸಿರಿನದೊಂದು. ಮೈಭಾಗದ ಹತ್ತಿ ಒಗೆದು ಒಗೆದು ಮೆತ್ತಗಾಗಿತ್ತು, ಸೆರಗಿನ ರೇಷ್ಮೆ ಮಾತ್ರ ಗಟ್ಟಿ, ಕೆಂಪಿನ ಮೇಲೆ ಬಿಳಿಯ ಟೋಪ್ ತೆನೆ, ಇಳಕಲ್ ಸೆರಗಿನ ಆ ವಿನ್ಯಾಸ, ಇನ್ನೂ ಹೊಳೆಯುತ್ತಿತ್ತು. ಅತ್ತೆಯೂ ಊರಿನಿಂದ ಬಂದು ಮಗನ ಮನೆಯಲ್ಲೇ ಇದ್ದರು. ಗೆಳತಿಗೆ ಬೇಕಾದದ್ದು ಎಲ್ಲೆಲ್ಲೂ ಗರಿಗಳು. ನಾನು ಮಾದರಿಗೆಂದು ಹೊಲಿದಿಟ್ಟ ತುಂಡುಗಳನ್ನು ತೋರಿಸಿದೆ. ಅತ್ತೆ ಅವುಗಳಲ್ಲಿ ಒಂದನ್ನು ಎತ್ತಿ, ಎರಡು ಗೆರೆಗಳ ನಡುವೆ ತಮ್ಮ ಹಸ್ತವನ್ನೇ ಇಟ್ಟು ಅಳೆದರು.

"ಇಷ್ಟು ಅಗಲ ಬಿಟ್ಟರೆ ಹೇಗೆ ತಂಗಿ? ಒಗೆಯುವ ಕಲ್ಲಿನ ಮೇಲೆ ಎರಡು ಸಲ ಬಡಿದರೆ ಒಳಗಿನದೆಲ್ಲ ಒಂದು ಮೂಲೆಗೆ ಬಂದು ಮುದ್ದೆಯಾಗುತ್ತದೆ. ನಾವು ಬೆರಳಗಲಕ್ಕೊಂದು ಸಾಲು ಹಾಕುತ್ತಿದ್ದೆವು."

"ಇಲ್ಲಿ ಕಲ್ಲಿಲ್ಲವಲ್ಲ ಅವ್ವಾ, ಯಂತ್ರ ಒಗೆಯುತ್ತದೆ," ಎಂದಳು ಸೊಸೆ.

"ಯಂತ್ರವೇನು ಮೆಲ್ಲಗೆ ಒಗೆಯುತ್ತದೆಯೇ?"

ಅವರ ಮಾತಿನಲ್ಲಿ ಹುರುಳಿತ್ತು, ಆದರೆ ಅವರ ಕೌದಿಗೆ. ಅದರೊಳಗೆ ಹತ್ತಿಯ ಹಾಸಿಲ್ಲ, ಸೀರೆಯ ಮೇಲೆ ಸೀರೆ. ಪದರಗಳನ್ನು ಕೂಡಿಸುವ ಬೇರೆ ಯಾವುದೂ ಇಲ್ಲದ್ದರಿಂದ ಎಲ್ಲ ಭಾರವೂ ಹೊಲಿಗೆಯದೇ. ಜೊತೆಗೆ ಕೈಹೊಲಿಗೆಯ ಸಾಲಿನಲ್ಲಿ ಇರುವುದು ಒಂದೇ ದಾರ, ಅದೂ ಮೇಲೊಂದಿಷ್ಟು, ಕೆಳಗೊಂದಿಷ್ಟು. ಯಂತ್ರದ ಹೊಲಿಗೆಯಲ್ಲಿ ಮೇಲೆ ಒಂದು, ಕೆಳಗೆ ಒಂದು, ಹೊಲಿಗೆಗೊಮ್ಮೆ ಒಂದಕ್ಕೊಂದು ಹೆಣೆದುಕೊಂಡು, ಅಂಗುಲಕ್ಕೆ ಹತ್ತು ಕಡೆ ಬಿಗಿ. ಬೆರಳಗಲಕ್ಕೊಂದು ಸಾಲನ್ನು ಕೈಯಲ್ಲಿ ಹಾಕಿದರೆ ಕೌದಿ ಮೆತ್ತಗೆ ಮೈಗೆ ಸುತ್ತಿಕೊಳ್ಳುತ್ತದೆ. ಅದೇ ಅಂತರದಲ್ಲಿ ಯಂತ್ರ ಓಡಿಸಿದರೆ ಮೊದಲೇ ಹೇಳಿದ ಡೇರೆ ತಯಾರು. ಕೈಹೊಲಿಗೆಯ ಅಂತರವನ್ನು ನೋಡಿ ಯಂತ್ರದ ಅಂತರ ನಿರ್ಧರಿಸುವವರು ಎಡವುವುದು ಇಲ್ಲಿ. ಇದನ್ನು ಅವರಿಗೆ ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ.

ಕೊನೆಗೆ ಬಟ್ಟೆಯೇ ತೀರ್ಮಾನ ಹೇಳಿತು. ರೇಷ್ಮೆಯಲ್ಲಿ ಒಮ್ಮೆ ಬಿದ್ದ ಸೂಜಿಯ ತೂತು ಮುಚ್ಚುವುದಿಲ್ಲ, ಆದ್ದರಿಂದ ಸೆರಗಿನ ಪಟ್ಟಿಯ ಮೇಲೆ ಏನೂ ಇಲ್ಲ, ಅದರ ಎರಡೂ ಬದಿಯ ಸಂದಿಯಲ್ಲಿ ಮಾತ್ರ ರೂಲರ್ ಹಿಡಿದು ಒಂದೊಂದು ಗೆರೆ. ಸೀರೆಯ ಮೈಭಾಗದ ಐದಂಗುಲದ ಚೌಕಗಳ ಬೆನ್ನಿಗೆ ತೆಳುವಾದ ಅಂಟುಬಟ್ಟೆ ಕೊಟ್ಟಿದ್ದೆ. ಆದರೂ ಆ ಸವೆದ ನೂಲಿನ ಮೇಲೆ ಒತ್ತುಹೊಲಿಗೆ ಹಾಕಿದರೆ ತೂತುಗಳ ಸಾಲಿನಲ್ಲೇ ಹರಿಯುತ್ತದೆ. ಅವುಗಳನ್ನೂ ಬಯಲಾಗಿ ಬಿಟ್ಟೆ. 10 ಅಂಗುಲ ತಡೆಯುವ ಬ್ಯಾಟಿಂಗ್ ಹಾಕಿದ್ದು ಈ ಕಾರಣಕ್ಕೇ. ಕಮಾನುಗಳೆಲ್ಲ ಪಕ್ಕದ ಸಾದಾ ಹತ್ತಿಯ ಚೌಕಗಳಿಗೆ ಹೋದವು. ಅಲ್ಲಿ ಕೈ ತಪ್ಪಿದರೆ ಬಿಚ್ಚಬಹುದು, ಗಟ್ಟಿಬಟ್ಟೆ ತಾಳುತ್ತದೆ. ಗೆಳತಿಯ ಗರಿಗಳು ಆರಂಗುಲದ ಅಂಚಿಗೆ. ಆದರೆ ಅವಳು ತೋರಿಸಿದ ಚಿತ್ರದ ಸಣ್ಣ ಸಣ್ಣ ಎಸಳುಗಳಲ್ಲ, ದಪ್ಪನೆಯ ಕೆಲವೇ ಎಸಳುಗಳು. ಅಂಚು ಒತ್ತಾಗಿ ನಡು ಸಡಿಲವಾದರೆ ನಡುಭಾಗ ಹೊಟ್ಟೆಯಂತೆ ಉಬ್ಬುತ್ತದೆ. ನಾಲ್ಕು ಮೂಲೆಗಳಲ್ಲಿ ಗರಿಯ ಬೆನ್ನನ್ನು ಬಾಗಿಸಿ ತಿರುಗಿಸುವುದು ಮಾತ್ರ ಇಡೀ ಕ್ವಿಲ್ಟಿಗಿಂತ ಹೆಚ್ಚು ಹೊತ್ತು ತಿಂದಿತು.

ಒಗೆದ ಮೇಲೆ ಹತ್ತಿಯ ಬ್ಯಾಟಿಂಗ್ ಕೊಂಚ ಕುಗ್ಗುತ್ತದೆ, ಮೇಲ್ಮೈ ಸಣ್ಣಗೆ ಸುಕ್ಕಾಗುತ್ತದೆ. ಇಲ್ಲಿನ ಕ್ವಿಲ್ಟ್ ಪ್ರಿಯರು ಆ ಸುಕ್ಕಿಗಾಗಿಯೇ ಒಗೆಯುತ್ತಾರೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಹೊಸದು ಹೊಸದಾಗಿಯೇ ಹಳತಾಗಿಬಿಟ್ಟಿತಲ್ಲ," ಎಂದರು. ಬಯಲಾಗಿ ಬಿಟ್ಟ ಸೀರೆಯ ಚೌಕಗಳ ಮೇಲೆ ಅವರ ಕಣ್ಣು ಇನ್ನೂ ಇತ್ತು. ಮರುದಿನ ಸೊಸೆಯ ಹತ್ತಿರ ಸೂಜಿ ಕೇಳಿ ತೆಗೆದುಕೊಂಡು ಗಿಳಿಹಸಿರಿನ ಚೌಕವೊಂದರಲ್ಲಿ ಅಂಚಿನಿಂದ ಒಳಕ್ಕೆ ಸಾಲು ಹಾಕತೊಡಗಿದರಂತೆ. ಮೊದಮೊದಲು ನನಗೆ ತೂತುಗಳದೇ ಚಿಂತೆ. ಹೋಗಿ ನೋಡಿದರೆ ಅವರ ಹೊಲಿಗೆ ಒಂದೊಂದೂ ಅಕ್ಕಿಕಾಳಿನಷ್ಟು ಉದ್ದ, ಅಂಗುಲಕ್ಕೆ ನಾಲ್ಕು ಮೀರಿರಲಿಲ್ಲ. ಬಟ್ಟೆಗೆ ಏನೂ ಆಗಿರಲಿಲ್ಲ. ನಾನು ಕೊಟ್ಟ ದಾರ ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ, ತೀರಾ ತೆಳು, ಮೇಲೆ ಹೊಳಪು ಬೇರೆ. ದಪ್ಪವಾಗಿಯೂ ಹೊಳಪಿಲ್ಲದೆಯೂ ಇರುವ ಹತ್ತಿಯ ದಾರ ಎಂದು ಹುಡುಕಿದಾಗ ನಮ್ಮ ಊರಿನ ಅಂಗಡಿಯಲ್ಲಿ ಸಿಕ್ಕಿದ್ದು ಜಪಾನಿನ ಸಾಶಿಕೋ ಹೊಲಿಗೆಯ ದಾರ. ಬಿಳಿಯದು ಎರಡು ಲಡಿ ತಂದುಕೊಟ್ಟಿದ್ದೇನೆ, ಕೆಂಪು ಬರುವುದಿದೆ.